ಕ್ಲೀನ್ ಎಂದವಳು ನಾನು

ಮಾರ್ಚ್ 3, ಮಂಗಳವಾರ. ಮಧ್ಯಾಹ್ನ

ನಮ್ಮ ಗಾರ್ಮೆಂಟ್ ಫ್ಯಾಕ್ಟರಿಯ ಏಳನೇ ಲೈನಿನ ಓವರ್‌ಲಾಕ್ ಹೊಲಿಗೆ ಮಿಷನ್ ಮತ್ತೆ ಕೈಕೊಟ್ಟಿತು. ಕವರ್ ಬಿಚ್ಚದೆ, ಸದ್ದು ಕೇಳಿಯೇ ಹೇಳಿದೆ — ಒಳಗಿನ ಸ್ಕ್ರೂ ಸಡಿಲ. ಬಿಚ್ಚಿದರೆ ಅದೇ. ಫ್ಲೋರ್ ಇನ್‌ಚಾರ್ಜ್ ಎಲ್ಲರೆದುರು, "ಇವ್ರು ಕಿವೀಲೇ ರಿಪೇರಿ ಮಾಡ್ಬಿಡ್ತಾರಪ್ಪ" ಎಂದರು. ಹೊಲಿಯುತ್ತಿದ್ದವರೆಲ್ಲ ನಕ್ಕರು. ಬೇರೆ ದಿನವಾಗಿದ್ದರೆ ಸ್ವಲ್ಪ ಉಬ್ಬುತ್ತಿದ್ದೆ. ಇಂದು ಸ್ಪ್ಯಾನರ್ ಹುಡುಕುವ ನೆಪದಲ್ಲಿ ಟೂಲ್ ಬಾಕ್ಸಿನೊಳಗೆ ಮುಖ ಇಟ್ಟೆ.

ಊಟದ ಹೊತ್ತಿಗೆ ಮೇಷ್ಟ್ರ ಫೋನು. ನಮ್ಮ ಸ್ಕೇಟ್‌ಬೋರ್ಡ್ ಕ್ಲಬ್ಬಿನ ಕಾರ್ಯದರ್ಶಿ, ಶಾಲೆಯಲ್ಲಿ ಗಣಿತ ಪಾಠ ಮಾಡುವವರು. ಊಟದ ಹೊತ್ತಿಗೆ ಫೋನ್ ಮಾಡುವವರಲ್ಲ.

"ನಮ್ಮ ಬಡಗಿ ಕ್ಲಬ್ಬಿಗೆ ಪತ್ರ ಕೊಟ್ಟಿದಾಳೆ. ಫೈನಲ್ ಬಗ್ಗೆ."

ಡಬ್ಬಿ ಮುಚ್ಚಿದೆ. "ಏನಂತೆ?" ಎಂದೆ. ದನಿ ನನ್ನದಲ್ಲ ಅನ್ನಿಸಿತು.

"ಆಟದ ನಿಯಮಾನೇ ಸರಿ ಇಲ್ವಂತೆ. ನ್ಯಾಯವಾಗಿ ಮಾಡಿ ಅಂತಾಳೆ. ನಂಗೂ ಹೌದು ಅನ್ಸುತ್ತೆ. ಮೂರು ಜನ ಕೂತು ಹೊಸದಾಗಿ ಬರೆಯೋಣ. ನಾನು, ಅವ್ಳು, ನೀವು."

"ನಾನ್ಯಾಕೆ ಮೇಷ್ಟ್ರೇ?"

"ಆರು ವರ್ಷದಿಂದ ಜಡ್ಜ್ ಯಾರು? ನೀವಿಲ್ದೆ ನ್ಯಾಯ ಎಲ್ಲಿಂದ ತರೋದು?"

ಬಜರ್ ಹೊಡೆಯಿತು. ಡಬ್ಬಿಯಲ್ಲಿ ಅರ್ಧ ಊಟ ಹಾಗೇ ಉಳಿದಿದೆ. ಅಮ್ಮ ಯಾಕೆ ಎಂದು ಕೇಳೇ ಕೇಳುತ್ತಾಳೆ.

ಅದೇ ದಿನ, ಸಂಜೆ 7

ಮೇಷ್ಟ್ರು ಪತ್ರದ ಫೋಟೋ ಕಳಿಸಿದ್ದಾರೆ. ಬಡಗಿಯ ಚಪ್ಪಟೆ ಪೆನ್ಸಿಲ್ಲಿನಲ್ಲಿ ಬರೆದದ್ದು, ದಪ್ಪ ದಪ್ಪ ಅಕ್ಷರ. ನಾವು ಆಡುವ ಪಾರ್ಕಿನ ಇಳಿಜಾರು ರ‍್ಯಾಂಪ್‌ಗಳನ್ನೆಲ್ಲ ಕಟ್ಟಿದವಳು ಅವಳೇ. ಬರವಣಿಗೆಯೂ ಹಾಗೇ, ಅಳತೆ ಹಿಡಿದ ಹಾಗೆ. "ಫೈನಲ್‌ನಲ್ಲಿ ನನ್ನ ಸರದಿ ಬರುವ ಮೊದಲೇ ನನಗೆ ತಪ್ಪಿನ ನಾಲ್ಕು ಅಕ್ಷರ ಬಿದ್ದಿದ್ದವು. ಮೊದಲು ಶುರು ಮಾಡಿದವರಿಗೇ ಅರ್ಧ ಗೆಲುವು. ಇದು ಆಟಗಾರರ ತಪ್ಪಲ್ಲ, ನಿಯಮದ ತಪ್ಪು."

ಕೊನೆಯ ಸಾಲನ್ನು ಮೂರು ಸಲ ಓದಿದೆ. "ಜಡ್ಜ್ ಬಗ್ಗೆ ನನ್ನ ದೂರಿಲ್ಲ. ಅಕ್ಕನ ಕಣ್ಣನ್ನು ನನ್ನ ಕಣ್ಣಿಗಿಂತ ಹೆಚ್ಚು ನಂಬುತ್ತೇನೆ."

ಫೋನ್ ಕವುಚಿ ಇಟ್ಟೆ.

ಮಾರ್ಚ್ 5, ಗುರುವಾರ. ಸಂಜೆ

ಹಳೆಯ ನಿಯಮಗಳ ಪ್ರತಿ ಬೇಕಂತೆ. ಇಷ್ಟು ವರ್ಷ ಯಾರೂ ಬರೆದಿಟ್ಟಿಲ್ಲ, ಎಲ್ಲ ಬಾಯಲ್ಲೇ. ಮೊದಲು ಇಲ್ಲಿ ಗೀಚಿಕೊಳ್ಳುತ್ತೇನೆ.

ಇಬ್ಬರು ಆಟಗಾರರು. ಕಲ್ಲು-ಕಾಗದ-ಕತ್ತರಿ ಆಡಿ ಗೆದ್ದವರು ಮೊದಲು. ಅವರು ಬೋರ್ಡಿನ ಮೇಲೆ ಒಂದು ಟ್ರಿಕ್, ಅಂದರೆ ಕಸರತ್ತು, ಹಾಕಬೇಕು. ಸರಿಯಾಗಿ ಇಳಿದರೆ ಎದುರಾಳಿ ಅದನ್ನೇ ಹಾಕಿ ತೋರಿಸಬೇಕು. ಆಗದಿದ್ದರೆ ಒಂದು ಅಕ್ಷರ. 'ಸ್ಕೇಟ್' ಎಂಬ ಇಂಗ್ಲಿಷ್ ಪದದ ಐದೂ ಅಕ್ಷರ ಯಾರ ಮೇಲೆ ಬೀಳುತ್ತದೋ ಅವರು ಸೋತರು. ಟ್ರಿಕ್ ಹಾಕುವವರು ತಪ್ಪುವ ತನಕ ಅವರದೇ ಸರದಿ. ಐದನೇ ಅಕ್ಷರಕ್ಕೆ ಮಾತ್ರ ಎರಡು ಅವಕಾಶ. ಇಳಿಯುವಾಗ ಕೈಯೋ ಕಾಲ್ಬೆರಳೋ ನೆಲ ಮುಟ್ಟಿದರೆ ಲೆಕ್ಕವಿಲ್ಲ. ಮುಟ್ಟದಿದ್ದರೆ ಕ್ಲೀನ್. ಮುಟ್ಟಿತೇ ಇಲ್ಲವೇ ಎನ್ನುವುದಕ್ಕೆ ಜಡ್ಜ್ ಮಾತೇ ಕೊನೆ.

ಅಮ್ಮ ಹಿಂದೆ ನಿಂತು ಓದಿದಳು. "ಹಲಗೆಗೆ ಚಕ್ರ ಹಾಕ್ಕೊಂಡು ಬೀಳೋದಕ್ಕೂ ಕಾನೂನಾ?"

"ಬೀಳೋದಕ್ಕಲ್ಲಮ್ಮ. ಬೀಳದೇ ಇರೋದಕ್ಕೆ."

"ನಿನ್ನ ತಮ್ಮ ಗೆದ್ದಾಗಿದೆಯಲ್ಲ. ಇನ್ನೇನು ಕಾನೂನು?"

ಹೌದು, ತಮ್ಮ ಗೆದ್ದಿದ್ದಾನೆ. ಫೆಬ್ರವರಿ 22, ಭಾನುವಾರ. ಅವನೇ ಮೊದಲು ಶುರು ಮಾಡಿದ. ಸಾಲಾಗಿ ನಾಲ್ಕು ಟ್ರಿಕ್. ಬಡಗಿಗೆ ನಾಲ್ಕೂ ಆಗಲಿಲ್ಲ. ಐದನೆಯದರಲ್ಲಿ ತಪ್ಪಿದ. ಆಮೇಲೆ ಅವಳ ಸರದಿ. ಅಬ್ಬಾ. ಅವಳೂ ನಾಲ್ಕು ಹಾಕಿದಳು, ಇವನಿಗೆ ನಾಲ್ಕೂ ಬಿದ್ದವು. ನಾಲ್ಕು-ನಾಲ್ಕು. ಆಗ ಅವಳು ಉಲ್ಟಾ ಕಾಲಿನ ಹೀಲ್‌ಫ್ಲಿಪ್ ಹಾಕಿದಳು — ಅಭ್ಯಾಸವಿಲ್ಲದ ಕಾಲು ಹಿಂದಿಟ್ಟು, ಹಿಮ್ಮಡಿಯಲ್ಲಿ ಬೋರ್ಡ್ ತಿರುಗಿಸಿ ಹಿಡಿಯುವುದು. ಬೆಣ್ಣೆಯಂತೆ ಇಳಿದಳು. ತಮ್ಮನಿಗೆ ಎರಡು ಅವಕಾಶ. ಮೊದಲನೆಯದರಲ್ಲಿ ಬಿದ್ದ. ಎರಡನೆಯದರಲ್ಲಿ ಇಳಿದ.

"ಕ್ಲೀನ್" ಎಂದವಳು ನಾನು.

ಹಾಗಾಗಿ ಆಟ ಮುಂದುವರಿಯಿತು. ಮುಂದಿನ ಟ್ರಿಕ್ ಬಡಗಿ ತಪ್ಪಿದಳು. ಮತ್ತೆ ತಮ್ಮನ ಸರದಿ. ಅವನು ಹಾಕಿದ್ದನ್ನು ಹಾಕಲು ಹೋಗಿ ಅವಳ ಮೊದಲ ಪ್ರಯತ್ನ ಕೈತಪ್ಪಿತು. ಎರಡನೆಯದರಲ್ಲಿ ಕಾಲ್ಬೆರಳು ನೆಲಕ್ಕೆ ತಾಗಿತು. ಅದನ್ನು ಚೆನ್ನಾಗಿ ನೋಡಿದೆ. "ಟೋ" ಎಂದೆ. ಅವಳು ತನ್ನ ಷೂ ನೋಡಿಕೊಂಡು ತಲೆಯಾಡಿಸಿದಳು.

ಗೆದ್ದವರು ರಾಜಧಾನಿಯ ದೊಡ್ಡ ಪಂದ್ಯಕ್ಕೆ. ಕ್ಲಬ್ಬಿಗೆ ಒಂದೇ ಸೀಟು. ಏಪ್ರಿಲ್ 7ರೊಳಗೆ ಹೆಸರು ಕಳಿಸಬೇಕು.

ಮಾರ್ಚ್ 8, ಭಾನುವಾರ. ಮಧ್ಯಾಹ್ನ

ಮೊದಲ ಮೀಟಿಂಗ್. ಬಡಗಿಯ ವರ್ಕ್‌ಶಾಪಿನಲ್ಲಿ. ನೆಲದ ತುಂಬ ಮರದ ಹೊಟ್ಟು. ಅರ್ಧ ಕೊಯ್ದ ಪ್ಲೈವುಡ್ಡೇ ಟೇಬಲ್ಲು. ಗೋಂದಿನ ವಾಸನೆಗೆ ಮೇಷ್ಟ್ರು ಐದು ನಿಮಿಷಕ್ಕೊಮ್ಮೆ ಸೀನುತ್ತಿದ್ದರು. ಸೀನಿದಾಗಲೆಲ್ಲ ಅವರ ನೋಟ್‌ಬುಕ್ಕಿನ ಮೇಲೆ ಹೊಟ್ಟು ಹಾರಿ ಬೀಳುತ್ತಿತ್ತು.

ಆರು ವರ್ಷದ ಪಂದ್ಯಗಳನ್ನೆಲ್ಲ ಬರೆದಿಟ್ಟಿದ್ದಾರೆ ಪುಣ್ಯಾತ್ಮ. ತೊಂಬತ್ತಾರು ಆಟ. ಮೊದಲು ಶುರು ಮಾಡಿದವರು ಗೆದ್ದದ್ದು ಅರುವತ್ತೇಳು.

"ನೋಡಿದ್ರಾ?" ಎಂದಳು ಬಡಗಿ. "ಕತ್ತರಿ ತೋರಿಸೋ ಬದ್ಲು ಕಲ್ಲು ತೋರಿಸಿದ್ದಕ್ಕೆ ನಾನು ಸೋಲ್ಬೇಕಾ?"

ಸರದಿ ಒಬ್ಬರಾದ ಮೇಲೆ ಒಬ್ಬರಿಗೆ ಎಂದು ಮಾಡೋಣ ಎಂದರು ಮೇಷ್ಟ್ರು. ಹಾಕಿದವರು ಇಳಿದರೂ ಸರಿ, ತಪ್ಪಿದರೂ ಸರಿ, ಮುಂದಿನ ಟ್ರಿಕ್ ಎದುರಾಳಿಯದು. ನಾನು ಕೇಳಿದೆ — ಒಬ್ಬರು ಐದು ಹಾಕಿ ಇನ್ನೊಬ್ಬರು ನಾಲ್ಕೇ ಹಾಕಿರುವಾಗ ಆಟ ಮುಗಿದರೆ? ಹೌದಲ್ಲ ಎಂದು ಇಬ್ಬರೂ ನನ್ನ ಮುಖ ನೋಡಿದರು. ಹಾಗಿದ್ದರೆ ಸಮ ಸರದಿ ಆದ ಮೇಲೆಯೇ ಫಲಿತಾಂಶ ಎಂದು ಸೇರಿಸಿದೆವು. ಬಡಗಿ ಪ್ಲೈವುಡ್ ಮೇಲೆಯೇ ಬರೆದಳು. ಬರೆಯುತ್ತ, "ಅದಕ್ಕೇ ಅಕ್ಕ ಬೇಕು ಅಂದಿದ್ದು" ಎಂದಳು.

ನಾಚಿಕೆಗೆಟ್ಟವಳು ನಾನು, ಖುಷಿಯಾಯಿತು. ನಿಜವಾಗಿ ಖುಷಿಯಾಯಿತು. ಅರ್ಧ ಗಂಟೆ ಎಲ್ಲ ಮರೆತು ನ್ಯಾಯದ ಬಗ್ಗೆ ಮಾತಾಡಿದೆ.

ಹೊರಡುವಾಗ ಅವಳು ಸ್ಟೂಲಿನ ಮೇಲೆ ಕೂತು ಪಾದಕ್ಕೆ ಪಟ್ಟಿ ಬಿಗಿಯುತ್ತಿದ್ದಳು. ಎಡಗಾಲಿನ ಹರಡಿನ ಗಂಟು ಊದಿತ್ತು.

"ಡಾಕ್ಟ್ರು ಏನಂತಾರೆ?"

"ಆಪರೇಷನ್ ಅಂತಾರೆ. ಆದ್ಮೇಲೆ ನಡೀಬಹುದು, ಹಾರೋ ಹಾಗಿಲ್ಲ. ಈ ವರ್ಷ ಆಡಿಬಿಡೋಣ ಅಂತ ತಳ್ಳಿಕೊಂಡು ಬಂದಿದ್ದೆ ಅಕ್ಕ. ಒಂದ್ಸಲ ದೊಡ್ಡ ಪಂದ್ಯ ಆಡ್ಬೇಕು ಅಂತಿತ್ತು." ನಕ್ಕಳು. "ಹೋಗ್ಲಿ ಬಿಡಿ. ಮುಂದೆ ಬರೋರಿಗಾದ್ರೂ ನಿಯಮ ಸರಿಯಾಗ್ಲಿ."

ಬಸ್ಸಿನಲ್ಲಿ ಸೀಟಿತ್ತು. ನಿಂತೇ ಬಂದೆ.

ಮಾರ್ಚ್ 9, ಸೋಮವಾರ. ಬೆಳಗ್ಗೆ 6

ಬರೆದುಬಿಡುತ್ತೇನೆ. ಇಲ್ಲಿ ಬರೆಯದಿದ್ದರೆ ಇನ್ನೆಲ್ಲಿ.

ನಾನು ನೋಡಲಿಲ್ಲ. ತಮ್ಮ ಇಳಿದಾಗ ನನ್ನ ಕಣ್ಣು ಮುಚ್ಚಿತ್ತು.

ಅಂದು ಮಾತ್ರವಲ್ಲ. ಪ್ರತಿ ಸಲ. ಎಂಟು ವರ್ಷದ ಹಿಂದೆ ಲೈಬ್ರರಿ ಮೆಟ್ಟಿಲ ಕಂಬಿಯ ಮೇಲಿಂದ ಅವನು ಬಿದ್ದದ್ದು ನನ್ನೆದುರಿಗೇ. ಆಗ ನಾನೂ ಆಡುತ್ತಿದ್ದೆ, ನಾನೇ ಕಲಿಸುತ್ತಿದ್ದೆ, "ಹಾರು, ಏನಾಗಲ್ಲ" ಎಂದಿದ್ದೂ ನಾನೇ. ಮೊಣಕೈ ಹಿಂದಕ್ಕೆ ಮಡಚಿಕೊಂಡಿತ್ತು. ಮೂಳೆ ಕಾಣುತ್ತಿತ್ತು. ಅಂದಿನಿಂದ ಅವನ ಬೋರ್ಡು ನೆಲ ಬಿಟ್ಟ ಕೂಡಲೇ ನನ್ನ ರೆಪ್ಪೆ ತಾನಾಗಿ ಬೀಳುತ್ತದೆ. ಒಂದು ಕ್ಷಣ, ಅಷ್ಟೇ. ಚಕ್ರ ನೆಲಕ್ಕೆ ತಾಗಿದ ಸದ್ದು ಕೇಳಿದ ಮೇಲೆ ತೆರೆಯುತ್ತದೆ. ಬಿಸಿಲಿಗೆಂದು ಹಾಕುವ ಕಪ್ಪು ಕನ್ನಡಕ. ಯಾರಿಗೂ ಗೊತ್ತಾಗಿಲ್ಲ.

ಜಡ್ಜ್ ಆಗಿ ಎಂದು ಮೇಷ್ಟ್ರು ಕೇಳಿದಾಗ ಆಗುವುದಿಲ್ಲ ಎನ್ನಬೇಕಿತ್ತು. ಅನ್ನಲಿಲ್ಲ. ಕಿವಿ ಇದೆಯಲ್ಲ ಎಂಬ ಜಂಬ. ನಾಲ್ಕೂ ಚಕ್ರ ಒಟ್ಟಿಗೆ ಬಿದ್ದರೆ ಒಂದೇ ಸದ್ದು. ಹಿಂದೆ ಮುಂದೆ ಆದರೆ ಎರಡು. ಸದ್ದು ಕೇಳಿ ತಮ್ಮನ ತೀರ್ಪು ಕೊಡುತ್ತಿದ್ದೆ. ಮಿಕ್ಕವರೆಲ್ಲರದು ಕಣ್ಣಿಂದ.

ಆದರೆ ಕಾಲ್ಬೆರಳು ನೆಲ ಸವರಿದರೆ ಸದ್ದಾಗುವುದಿಲ್ಲ. ಇಷ್ಟು ವರ್ಷ ಮಿಷನ್ ರಿಪೇರಿ ಮಾಡಿಯೂ ಇದೊಂದು ನನ್ನ ದಡ್ಡ ತಲೆಗೆ ಹೊಳೆದಿರಲಿಲ್ಲ. ಫೈನಲ್‌ನಲ್ಲಿ ಬಡಗಿಯ ಬೆರಳು ತಾಗಿದ್ದನ್ನು ನೋಡಿದಾಗ ಹೊಳೆಯಿತು. ನಾಲ್ಕೂ ಚಕ್ರ ಒಟ್ಟಿಗೇ ಬಿದ್ದಿದ್ದವು. ಕಣ್ಣಿಲ್ಲದಿದ್ದರೆ ಅವಳದೂ ಕ್ಲೀನೇ.

ಹೊಳೆದ ಮೇಲೂ "ಟೋ" ಎಂದೆ. ಇವನ ಬೆರಳು ತಾಗಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ತಾಗಿದ್ದರೆ ಆಟ ಅಲ್ಲೇ ಮುಗಿದಿತ್ತು, ಗೆದ್ದವಳು ಅವಳು.

ಇನ್ನೇನು ಫ್ಯಾಕ್ಟರಿ ಸೈರನ್ ಆಗುತ್ತದೆ. ಹೊರಡಬೇಕು.

ಮಾರ್ಚ್ 15, ಭಾನುವಾರ. ಸಂಜೆ

ಎರಡನೇ ಮೀಟಿಂಗ್. ಹೇಳಿಬಿಡಬೇಕು ಎಂದುಕೊಂಡೇ ಹೋದೆ. ಹೋಗುವ ದಾರಿಯಲ್ಲಿ ವಾಕ್ಯ ಕೂಡ ಜೋಡಿಸಿಕೊಂಡಿದ್ದೆ.

ಕೂತ ಕೂಡಲೇ ಮೇಷ್ಟ್ರು, "ಇನ್ಮೇಲೆ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡ್ರೆ ಹೇಗೆ? ಅನುಮಾನ ಬಂದ್ರೆ ತಿರುಗಿ ನೋಡ್ಬಹುದು" ಎಂದರು. ವಿಡಿಯೋದಲ್ಲಿ ಜಡ್ಜ್ ಕೂಡ ಕಾಣುತ್ತಾಳೆ. ಯಾವತ್ತಾದರೂ ಕನ್ನಡಕ ಜಾರಿದರೆ ಮುಚ್ಚಿದ ಕಣ್ಣೂ.

"ಪ್ರತಿ ಟ್ರಿಕ್‌ಗೂ ಫೋನ್ ಮುಂದೆ ಗುಂಪು ಕಟ್ಕೊಂಡು ನಿಂತ್ರೆ ಆಟ ಯಾವಾಗ ಆಡೋದು ಮೇಷ್ಟ್ರೇ? ಬ್ಯಾಟರಿ ಮುಗಿದ್ರೆ ನ್ಯಾಯಾನೂ ಮುಗೀತಾ?"

ಇಬ್ಬರೂ ನಕ್ಕರು. ಬಡಗಿ ಟೇಬಲ್ ತಟ್ಟಿ ನಕ್ಕಳು. "ಸರಿಯಾಗಿ ಹೇಳಿದ್ರಿ. ಅಕ್ಕ ನೋಡಿದ್ರೆ ಸಾಕು, ಫೋನ್ ಯಾಕೆ?"

ವಿಡಿಯೋ ಮಾತು ಅಲ್ಲಿಗೇ ಬಿದ್ದುಹೋಯಿತು. ಬದಲಿಗೆ ಎರಡು ಬದಿಗೂ ಒಬ್ಬೊಬ್ಬರು ಜಡ್ಜ್ ಇರಲಿ ಎಂದೆ. ಒಪ್ಪಿದರು. ಒಳ್ಳೆಯ ನಿಯಮವೇ. ಇನ್ನೊಬ್ಬರು ಇದ್ದರೆ ನನ್ನಂಥವಳು ತಪ್ಪಿಸಿಕೊಳ್ಳಲಾಗುವುದಿಲ್ಲ. ನನ್ನ ಕಳ್ಳತನಕ್ಕೆ ನಾನೇ ಬೀಗ ಮಾಡಿ ಕೊಡುತ್ತಿದ್ದೇನೆ. ಕದ್ದದ್ದನ್ನು ಮಾತ್ರ ವಾಪಸ್ ಕೊಡುವ ಮಾತಿಲ್ಲ.

ಜೋಡಿಸಿಕೊಂಡ ವಾಕ್ಯ ಹಾಗೇ ಮನೆಗೆ ತಂದೆ. ಥೂ.

ಮಾರ್ಚ್ 24, ಮಂಗಳವಾರ. ಸಂಜೆ 6.30

ಒಂಬತ್ತು ದಿನ ಬರೆಯಲಿಲ್ಲ. ಓವರ್‌ಟೈಮ್ ಎಂದು ನನಗೆ ನಾನೇ ಹೇಳಿಕೊಂಡೆ. ಓವರ್‌ಟೈಮ್ ಇದ್ದದ್ದು ಎರಡೇ ದಿನ. ಮೊನ್ನೆ ಭಾನುವಾರದ ಮೀಟಿಂಗಿಗೆ ತಲೆನೋವು ಎಂದೆ.

ತಮ್ಮ ಹೊಸ್ತಿಲಲ್ಲಿ ಕೂತು ಬೇರಿಂಗ್ ಒರೆಸುತ್ತಿದ್ದ. ದೊಡ್ಡ ಪಂದ್ಯಕ್ಕೆ ತಯಾರಿ. ಇಪ್ಪತ್ತಾರು ವರ್ಷವಾದರೂ ನಾಲಿಗೆ ಹೊರಗೆ ಹಾಕಿಕೊಂಡೇ ಕೆಲಸ ಮಾಡುತ್ತಾನೆ. ನನ್ನ ಎಣ್ಣೆ ಡಬ್ಬಿ ಕೇಳಿದ. ಕೊಟ್ಟೆ. ಪಕ್ಕದಲ್ಲಿ ಕೂತೆ. ಕೇಳುವುದೋ ಬೇಡವೋ ಎಂದು ಹತ್ತು ನಿಮಿಷ ಬೇರಿಂಗ್ ಎಣಿಸಿದ ಮೇಲೆ ಕೇಳಿದೆ.

"ಫೈನಲ್‌ನಲ್ಲಿ ಆ ಹೀಲ್‌ಫ್ಲಿಪ್ ಹಾಕಿದ್ಯಲ್ಲ. ಇಳಿದಾಗ ಹೇಗನ್ನಿಸ್ತು?"

ಒರೆಸುವ ಬಟ್ಟೆ ಕೆಳಗಿಟ್ಟ. "ನಿಜ ಹೇಳ್ಲಾ? ಬಲಗಾಲಿನ ಬೆರಳು ತಾಗಿದ ಹಾಗಾಯ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳೋಕೆ ಬಾಯಿ ತೆರೆದೆ. ಅಷ್ಟರಲ್ಲಿ ನೀನು ಕ್ಲೀನ್ ಅಂದೆ. ನೀನು ನೋಡಿರ್ತೀಯಲ್ಲ. ನಂಗೇ ಹಾಗನ್ನಿಸಿರ್ಬೇಕು ಅಂದ್ಕೊಂಡೆ." ಚಕ್ರ ತಿರುಗಿಸಿ ಕಿವಿಗೆ ಹಿಡಿದ. "ಯಾಕೆ? ತಾಗಿತ್ತಾ?"

"ಇಲ್ಲ... ಸುಮ್ನೆ ಕೇಳಿದೆ."

ಎಷ್ಟು ಸಲೀಸಾಗಿ ಬಂತು ಬಾಯಿಗೆ. ಅವನು ನೇರ ಮನುಷ್ಯ. ನನ್ನ ಒಂದು ಮಾತಿಗೆ ತನ್ನ ಕಾಲನ್ನೇ ಸುಳ್ಳು ಮಾಡಿಕೊಂಡ. ಇದುವರೆಗೆ ಗೊತ್ತಿಲ್ಲ ಎನ್ನುವ ಒಂದು ನೆಪವಿತ್ತು. ಈಗ ಅದೂ ಇಲ್ಲ.

ಅಮ್ಮ ಒಳಗಿಂದ, "ಎಣ್ಣೆ ನೆಲಕ್ಕೆ ಚೆಲ್ಲಿದ್ರೆ ಇಬ್ರಿಗೂ ಇದೆ" ಎಂದು ಕೂಗಿದಳು. ಚೆಲ್ಲಿತ್ತು. ಒರೆಸಿದೆ.

ಮಾರ್ಚ್ 26, ಗುರುವಾರ. ಸಂಜೆ

ಕೊನೆಯ ಮೀಟಿಂಗ್. ಐದನೇ ನಿಯಮ ನಾನು ಬರೆದೆ. ಇಳಿದ ಮೇಲೆ ಜಡ್ಜ್ ಬಾಯಿ ತೆರೆಯುವ ಮೊದಲು ಆಟಗಾರನನ್ನು ಕೇಳಬೇಕು. ತಾಗಿತು ಎಂದು ಅವನೇ ಹೇಳಿದರೆ ಅದೇ ಕೊನೆ. ತಾಗಿಲ್ಲ ಎಂದರೆ ಮಾತ್ರ ಜಡ್ಜ್‌ಗಳ ಮಾತು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಇದು... ಇದು ಬಹಳ ದೊಡ್ಡ ಮಾತು ಕಣ್ರೀ. ಆಟಗಾರನ ಮರ್ಯಾದೆ ಅವನ ಕೈಗೇ ಕೊಟ್ರಿ."

ಬಡಗಿ ಎದ್ದು ಬಂದು ತಬ್ಬಿಕೊಂಡಳು. ಹೊಟ್ಟು ಮೆತ್ತಿದ ಕೈ. ನನ್ನ ಕೈಗಳು ಎರಡೂ ಬದಿಯಲ್ಲಿ ಜೋತುಬಿದ್ದಿದ್ದವು, ಎತ್ತಲಾಗಲಿಲ್ಲ.

"ಭಾನುವಾರ ಎಲ್ಲರ ಮುಂದೆ ಇದನ್ನ ಅಕ್ಕನ ನಿಯಮ ಅಂತಾನೇ ಓದ್ಬೇಕು" ಎಂದಳು.

"ಬೇಡ" ಎಂದೆ. ಸ್ವಲ್ಪ ಜೋರಾಗೇ ಎಂದೆ. ನಾಚಿಕೆ ಎಂದುಕೊಂಡು ಇಬ್ಬರೂ ನಕ್ಕರು. ನಾಚಿಕೆಯೇ.

ಮಾರ್ಚ್ 28, ಶನಿವಾರ

ಭಾನುವಾರಕ್ಕೆ ಹುಷಾರಿಲ್ಲ ಎನ್ನೋಣವೇ ಎಂದು ಯೋಚಿಸಿದೆ. ಥರ್ಮಾಮೀಟರ್ ಕೂಡ ಇಟ್ಟುಕೊಂಡು ನೋಡಿದೆ. ಏನೂ ಇಲ್ಲ. ಕುದುರೆಯ ಆರೋಗ್ಯ.

ಮಾರ್ಚ್ 29, ಭಾನುವಾರ. ಸಂಜೆ 5

ಅಕ್ಷರ ಸೊಟ್ಟಗಾಗುತ್ತಿದೆ.

ಮೇಷ್ಟ್ರ ಶಾಲೆಯ ಕ್ಲಾಸ್‌ರೂಮು. ಮೂವತ್ತು ಜನ ದೊಡ್ಡವರು ಚಿಕ್ಕ ಬೆಂಚುಗಳಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತಿದ್ದರು. ಕಪ್ಪು ಹಲಗೆಯ ಮೇಲೆ ಐದು ನಿಯಮ, ಮೇಷ್ಟ್ರ ದುಂಡನೆಯ ಅಕ್ಷರ. ಒಂದೊಂದಾಗಿ ಓದಿದರು. ಒಂದೊಂದಕ್ಕೂ ಕೈ ಎತ್ತಿದರು. ಐದನೆಯದಕ್ಕೆ ಚಪ್ಪಾಳೆ. ತಮ್ಮ ಎಲ್ಲರಿಗಿಂತ ಜೋರಾಗಿ ತಟ್ಟಿದ, ಮುಂದಿನ ಬೆಂಚಿನವನ ಬೆನ್ನಿಗೂ ಎರಡು ಹೊಡೆದ.

ಬಡಗಿ ಎದ್ದು ನಿಂತಳು. "ಮುಖ್ಯ ಜಡ್ಜ್ ಆಗಿ ಅಕ್ಕನೇ ಇರ್ಲಿ. ಇವರಿಗಿಂತ ನ್ಯಾಯವಾಗಿ ನೋಡೋರು ನಂಗೆ ಗೊತ್ತಿಲ್ಲ."

ಎದ್ದೆ. ಬೆಂಚಿಗೆ ಮೊಣಕಾಲು ಬಡಿಯಿತು.

"ನಾನು ನೋಡಲ್ಲ" ಎಂದೆ.

ಎಲ್ಲರೂ ನಕ್ಕರು, ಒಲ್ಲೆ ಎನ್ನುತ್ತಿದ್ದೇನೆ ಎಂದುಕೊಂಡು. ನಗು ನಿಲ್ಲುವ ತನಕ ನಿಂತಿದ್ದೆ. ಆಮೇಲೆ ಹೇಳಿದೆ. ತಮ್ಮ ಇಳಿಯುವಾಗ ಕಣ್ಣು ಮುಚ್ಚುತ್ತೇನೆ, ಫೈನಲ್‌ನಲ್ಲೂ ಮುಚ್ಚಿದ್ದೆ, ನೋಡದೆ ಕ್ಲೀನ್ ಎಂದೆ, ಬೆರಳು ತಾಗಿತ್ತು. ವಿಡಿಯೋ ಬೇಡ ಎಂದದ್ದು ಯಾಕೆ ಎಂದೂ ಹೇಳಿದೆ. ಜೋಡಿಸಿಕೊಂಡ ವಾಕ್ಯ ಒಂದೂ ಬರಲಿಲ್ಲ. ನೆನಪಾದ ಹಾಗೆ ಹೇಳಿದೆ.

ಮೇಷ್ಟ್ರ ಕೈಯಲ್ಲಿ ಸೀಮೆಸುಣ್ಣ ಹಾಗೇ ಇತ್ತು.

"ಎಷ್ಟು ಸಲ?" ಎಂದಳು ಬಡಗಿ.

"ಎಲ್ಲಾ ಸಲ."

"ಆರು ವರ್ಷ?"

"ಹೂಂ."

"ಅವತ್ತು ಮನೆಗೆ ಹೋಗಿ ನನ್ನ ಕಾಲಿಗೆ ಬೈದೆ ಅಕ್ಕ. ಈ ಊದಿರೋ ಕಾಲಿಗೆ. ಇನ್ನೊಂದೇ ಒಂದು ಟ್ರಿಕ್ ಹಾಕೋಕೆ ಆಗ್ಲಿಲ್ವಲ್ಲ ನಿಂಗೆ ಅಂತ." ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. "ಅದು ಹೋಗ್ಲಿ. ತಪ್ಪಾಗುತ್ತೆ. ನಿಯಮ ಬರೀತಾ ಮೂರು ವಾರ ನನ್ನ ಪಕ್ಕದಲ್ಲೇ ಕೂತಿದ್ರಲ್ಲ. ನಗ್ತಾ ಇದ್ರಲ್ಲ."

ಕ್ಷಮಿಸು ಎಂದೆ. ನನಗೇ ಕೇಳಿಸಲಿಲ್ಲ. ಅವಳು ಚೀಲ ತೆಗೆದುಕೊಂಡು ಹೊರಗೆ ಹೋದಳು, ಕುಂಟುತ್ತ.

ತಮ್ಮನ ಕಡೆ ನೋಡಿದೆ. ಅವನು ತನ್ನ ಬಲಗಾಲಿನ ಷೂ ನೋಡುತ್ತಿದ್ದ.

ಮಾರ್ಚ್ 31, ಮಂಗಳವಾರ. ಸಂಜೆ

ಮನೆಯಲ್ಲಿ ಮಾತಿಲ್ಲ. ಅಮ್ಮನಿಗೆ ಯಾರು ಹೇಳಿದರೋ, ಎರಡು ದಿನದಿಂದ ಪಾತ್ರೆಗಳೇ ಮಾತಾಡುತ್ತಿವೆ.

ಕ್ಲಬ್ಬಿನವರು ತೀರ್ಮಾನ ಮಾಡಿದ್ದಾರೆ. ಏಪ್ರಿಲ್ 5ಕ್ಕೆ ಫೈನಲ್ ಮತ್ತೆ. ಹೊಸ ನಿಯಮ. ಒಂದು ಬದಿ ಮೇಷ್ಟ್ರು, ಇನ್ನೊಂದು ಬದಿ ಬೇರೆ ಕ್ಲಬ್ಬಿನ ಒಬ್ಬ ಹೆಂಗಸು. ಮತ್ತೆ ಆಡಿಸಿ ಎಂದು ಕೇಳಿದ್ದು ತಮ್ಮನೇ ಅಂತೆ. ಸೀಟು ಬಡಗಿಗೇ ಕೊಟ್ಟುಬಿಡಿ ಎಂದನಂತೆ ಮೊದಲು. ಅವಳು ಬೇಡ ಎಂದಳಂತೆ. "ದಾನ ಬೇಡ, ಆಟ ಕೊಡಿ." ನನ್ನ ಹೆಸರು ಜಡ್ಜ್‌ಗಳ ಪಟ್ಟಿಯಿಂದ ತೆಗೆದಿದ್ದಾರೆ. ಮೇಷ್ಟ್ರು ಮೆಸೇಜಿನಲ್ಲಿ ತಿಳಿಸಿದರು, ಒಂದು ಸಾಲು. ಮೊದಲೆಲ್ಲ ಫೋನ್ ಮಾಡುತ್ತಿದ್ದರು.

ತಮ್ಮ ಈಗಷ್ಟೇ ಬಂದು ಬಾಗಿಲಲ್ಲಿ ನಿಂತ. ಬೈಯುತ್ತಾನೆ ಎಂದುಕೊಂಡೆ.

"ಪ್ರತಿ ಸಲ ಇಳಿದ ತಕ್ಷಣ ಮೊದ್ಲು ನಿನ್ನ ಮುಖ ನೋಡ್ತಿದ್ದೆ" ಎಂದ. "ನೀನು ಕ್ಲೀನ್ ಅಂದ್ರೆ ಎಷ್ಟು... ಹೋಗ್ಲಿ. ಆರು ವರ್ಷದಲ್ಲಿ ನಾನು ಇಳಿಯೋದನ್ನ ನೀನು ಒಂದ್ಸಲಾನೂ ನೋಡಿಲ್ಲ."

"ಭಯ ಕಣೋ."

"ಗೊತ್ತು. ನನ್ನ ಕೈ ಮುರಿದಿದ್ದು. ನಂಗೆ ಭಯ ಹೋಗಿ ಏಳು ವರ್ಷ ಆಯ್ತು." ಹೋಗಲು ತಿರುಗಿದವನು ನಿಂತ. "ಭಾನುವಾರ ಬಾ. ಕನ್ನಡಕ ಬೇಡ. ಸೋತ್ರೂ ಪರ್ವಾಗಿಲ್ಲ ನಂಗೆ, ಒಂದ್ಸಲ ನೋಡು."

ನೋಡುತ್ತೇನೆ ಎಂದು ಮಾತು ಕೊಟ್ಟೆ. ಆಮೇಲೆ ಬಾಗಿಲು ಹಾಕಿಕೊಂಡು ಅತ್ತೆ.

ಏಪ್ರಿಲ್ 5, ಭಾನುವಾರ. ಸಂಜೆ 6

ಪಾರ್ಕಿನ ಮೆಟ್ಟಿಲಿನ ಕೊನೆಗೆ ಕೂತೆ. ಪಕ್ಕದಲ್ಲಿ ಯಾರೂ ಕೂರಲಿಲ್ಲ. ಕನ್ನಡಕ ಮನೆಯಲ್ಲೇ ಬಿಟ್ಟಿದ್ದೆ. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು.

ಹೊಸ ನಿಯಮ ಎಷ್ಟು ಚೆನ್ನಾಗಿದೆ. ಸರದಿಗೆ ಸರದಿ. ಯಾರೂ ನಿಂತು ಕಾಯುವುದಿಲ್ಲ. ಅವಳೊಂದು ಹಾಕಿದರೆ ಇವನೊಂದು. ನೋಡುವವರಿಗೂ ಉಸಿರು ಬಿಡಲು ಪುರುಸೊತ್ತಿಲ್ಲ. ಬಡಗಿ ಹರಡಿಗೆ ಎರಡು ಪಟ್ಟಿ ಬಿಗಿದಿದ್ದಳು. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ಎರಡು-ಎರಡು. ಮೂರು-ಮೂರು. ನಾಲ್ಕು-ನಾಲ್ಕು ಆಯಿತು. ಇವನು ತನ್ನ ಸರದಿ ತಪ್ಪಿದ. ಅವಳ ಸರದಿ. ಉಲ್ಟಾ ಕಾಲಿನ ಹೀಲ್‌ಫ್ಲಿಪ್. ಇಳಿದು, ನೋವಿಗೆ ಹಲ್ಲು ಕಚ್ಚಿ, ಕೈ ಎತ್ತಿ "ತಾಗಿಲ್ಲ" ಎಂದಳು. ಇಬ್ಬರೂ ಜಡ್ಜ್‌ಗಳು ಕ್ಲೀನ್ ಎಂದರು. ನಿಜಕ್ಕೂ ಕ್ಲೀನ್. ನಾನೂ ನೋಡಿದೆ.

ತಮ್ಮನಿಗೆ ಎರಡು ಅವಕಾಶ. ಮೊದಲನೆಯದು ಕೈತಪ್ಪಿ ಬೋರ್ಡು ಗೋಡೆಗೆ ಹೋಯಿತು. ಎರಡನೆಯದಕ್ಕೆ ಮೊದಲು ನನ್ನ ಕಡೆ ತಿರುಗಿ ನೋಡಿದ. ತಲೆಯಾಡಿಸಿದೆ. ಮೆಟ್ಟಿಲ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಓಡಿ ಬಂದ. ಬಾಗಿದ. ಬೋರ್ಡು ನೆಲ ಬಿಟ್ಟ ಸದ್ದು. ಆಮೇಲೆ ನಾಲ್ಕು ಚಕ್ರ, ಒಂದೇ ಸದ್ದು. ಆಮೇಲೆ ಮೇಷ್ಟ್ರ ದನಿ, "ನೀನೇ ಹೇಳಪ್ಪ." ಆಮೇಲೆ ಇವನ ದನಿ.

"ತಾಗಿತು."

ಕಣ್ಣು ಬಿಟ್ಟಾಗ ಅವನು ನೆಟ್ಟಗೆ ನಿಂತು ಕೈ ಎತ್ತಿದ್ದ. ಬೇರೆ ಕ್ಲಬ್ಬಿನವಳು, "ನಮಗೆ ಕಾಣ್ಲಿಲ್ಲ" ಎಂದಳು. "ನಂಗೆ ಗೊತ್ತಾಯ್ತು" ಎಂದ. ಪಾರ್ಕಿಗೆ ಪಾರ್ಕೇ ಎದ್ದು ನಿಂತಿತು. ಬಡಗಿ ಅವನನ್ನು ತಬ್ಬಿಕೊಂಡು ಅಳುತ್ತಿದ್ದಳು. ಇವನು ನಗುತ್ತಿದ್ದ. ಅವಳ ಹೆಸರು ನಾಳೆ ಹೋಗುತ್ತದೆ.

ಜನ ಕರಗಿದ ಮೇಲೆ ನೇರ ನನ್ನ ಹತ್ತಿರ ಬಂದ. ಬೆವರು, ಧೂಳು, ಮುಖದ ತುಂಬ ನಗು. ಗೆದ್ದಾಗ ಕೂಡ ಹೀಗೆ ನಕ್ಕಿರಲಿಲ್ಲ.

"ನೋಡ್ದಾ?"

"ನೋಡ್ದೆ" ಎಂದೆ.

ಬೋರ್ಡು ಹೆಗಲಿಗೇರಿಸಿಕೊಂಡು ದಾರಿಯುದ್ದಕ್ಕೂ ಸಿಳ್ಳೆ ಹಾಕುತ್ತ ಬಂದ. ಈಗ ಅಡುಗೆಮನೆಯಲ್ಲಿ ಅಮ್ಮನಿಗೆ ಹೇಳುತ್ತಿದ್ದಾನೆ. ಗೋಡೆಯಾಚೆಯಿಂದ ಎಲ್ಲ ಕೇಳುತ್ತಿದೆ. "ಸೋತೆ ಅಮ್ಮ. ಆದ್ರೆ ಅಕ್ಕ ನೋಡಿದ್ಳು. ಕನ್ನಡಕಾನೂ ಹಾಕಿರ್ಲಿಲ್ಲ." ಎರಡನೇ ಸಲ ಹೇಳುತ್ತಿದ್ದಾನೆ. ಅಮ್ಮನೂ ಒಂದು ವಾರದ ಮೇಲೆ ಇಂದು ನಗುತ್ತಿದ್ದಾಳೆ.

ಕೇಳಿ ಕೂತಿರಲಾಗುತ್ತಿಲ್ಲ. ಕೊನೆಯದನ್ನು ಬಿಟ್ಟು ಎಲ್ಲ ನೋಡಿದೆ ಎನ್ನಬಹುದು. ಪ್ರಯತ್ನಪಟ್ಟೆ ಎನ್ನಬಹುದು. ಸುಮ್ಮನೆ ಇದ್ದುಬಿಡಲೂಬಹುದು, ಯಾರ ಸೀಟೂ ಹೋಗುವುದಿಲ್ಲ, ಯಾವ ನಿಯಮವೂ ಮುರಿಯುವುದಿಲ್ಲ. ಹೋದ ಸಲ ಇದೇ ಯೋಚನೆಯಲ್ಲಿ ವಾರಗಟ್ಟಲೆ ಕಳೆದೆ. ಈಗ ಅವನ ನಗು ನಿಲ್ಲುವ ಮೊದಲೇ ಎದ್ದು ಹೋಗಿ, ಅಮ್ಮನ ಎದುರಿಗೇ, "ನಾನು ನೋಡ್ಲಿಲ್ಲ ಕಣೋ" ಎಂದುಬಿಡುತ್ತೇನೆ.